ಕಡಕ್ ರೊಟ್ಟಿ ಕಡಿದರೆ ಸಿಂಹ ಓಡುತ್ತದೆ

ನಿಂತ ಕಾರಿನಲ್ಲಿ ಕೂತು ನೀವೆಂದಾದರೂ ಪ್ರವಾಸ ಮಾಡಿದ್ದೀರಾ? ನಿಮ್ಮ ಮಕ್ಕಳು? ನನ್ನ ಮಕ್ಕಳು ಮಾಡಿದ್ದಾರೆ. ಧಾರವಾಡದ ಮಾಳಮಡ್ಡಿಯಲ್ಲಿ, ಕಮಲಾ ಬಾಯಾರ ಅಂಗಳದಲ್ಲಿ.

ಬಾಯಾರು ನಮ್ಮ ಪಕ್ಕದ ಮನೆಯವರು, ನಿವೃತ್ತ ಶಿಕ್ಷಕಿ. ಎತ್ತರದ ಆಳು, ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು, ಇಳಕಲ್ ಸೀರೆಯ ಮೇಲೆ ಗಂಡಸರ ಬಿಸಿಲು ಟೋಪಿ. ಆ ಟೋಪಿ ಹಾಕಿಕೊಂಡೇ ಸಂತೆಗೆ ಹೋಗುತ್ತಿದ್ದರು. ಯಾರು ನಕ್ಕರೂ ತಿರುಗಿ ನೋಡುತ್ತಿರಲಿಲ್ಲ. ಒಂದು ಕಾಲಕ್ಕೆ ಗಂಡ ಹೆಂಡತಿ ಇಬ್ಬರೂ ತಾಂಜಾನಿಯಾದ ಶಾಲೆಯೊಂದರಲ್ಲಿ ಕಲಿಸುತ್ತಿದ್ದರಂತೆ. ಗಂಡ ಅಲ್ಲೇ ತೀರಿಕೊಂಡರು. ಮಕ್ಕಳಿರಲಿಲ್ಲ. ಇವರೊಬ್ಬರೇ ಊರಿಗೆ ಬಂದರು. ಮಾತು ಒರಟು ಅಂತ ಓಣಿಯವರು ಹೆದರುತ್ತಿದ್ದರು. ಹಾಲಿನವನು, ಪೇಪರಿನವನು ಬಿಟ್ಟರೆ ಆ ಗೇಟು ತೆರೆಯುವವರೇ ಇರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿರಬೇಕು. ನನ್ನ ನಾದಿನಿಯ ಗಂಡನಿಗೆ ನೈರೋಬಿಯಲ್ಲಿ ಕೆಲಸ ಸಿಕ್ಕಿತು. "ಹುಡುಗೋರನ್ನ ಕರ್ಕೊಂಡು ಬರ್ರಿ, ಸಿಂಹ ತೋರಸ್ತೇವಿ" ಅಂತ ಫೋನು. ಮಗಳಿಗೆ ಏಳು, ಮಗನಿಗೆ ನಾಲ್ಕು. ಇಷ್ಟು ಸಣ್ಣವರನ್ನು ಆಫ್ರಿಕಾದ ಕಾಡಿಗೆ ಹೇಗೆ ಒಯ್ಯುವುದು? ಕೇಳೋಣವೆಂದು ಬಾಯಾರ ಬಾಗಿಲು ಬಡಿದೆ.

"ನಿಮ್ಮ ಹುಡುಗೋರು ಬಾಯಿ ಮುಚ್ಚಿ ಎಷ್ಟೊತ್ತು ಕೂಡ್ತಾವ್ರಿ?" ಅದೇ ಅವರ ಮೊದಲ ಪ್ರಶ್ನೆ.

"ಮಲಗಿದಾಗ ಅಷ್ಟ ರೀ, ಬಾಯಾರ."

"ಹಂಗಾರ ಹೋಗಬ್ಯಾಡ್ರಿ. ಸಫಾರಿ ಅಂದ್ರ ಓಡಾಡೂದಲ್ಲ, ಕೂಡೂದು. ನಾಳಿಂದ ಸಂಜಿಕ ಕಳಸ್ರಿ, ಕೂಡಾಕ ಕಲಸ್ತೇನಿ."

ಮಾವಿನ ಮರದ ಕೆಳಗೆ ಅವರ ಹಳೇ ಕಾರು ಟೈರಿನ ಗಾಳಿ ಇಳಿದು ನಿಂತಿತ್ತು. ಅವರು ಮುಂದೆ ಸ್ಟೇರಿಂಗ್ ಹಿಡಿದು, ಮಕ್ಕಳು ಹಿಂದೆ. ಇಳಿಯುವಂತಿಲ್ಲ, ಕೈ ಹೊರಗೆ ಹಾಕುವಂತಿಲ್ಲ, ಕೂಗುವಂತಿಲ್ಲ. ಓಣಿಯಲ್ಲಿ ಕತ್ತೆ ಹಾದರೆ ಜೀಬ್ರಾ. ಗೋಡೆಯ ಮೇಲೆ ಮಲಗುವ ದಪ್ಪ ಬೆಕ್ಕು ಸಿಂಹಿಣಿ. "ಅದು ಏಳೂ ತನಕ ನಾವೂ ಏಳಂಗಿಲ್ಲ" ಅನ್ನುತ್ತಿದ್ದರು.

ಮೊದಲ ದಿನ ನಾನು ಡಬ್ಬಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತುಂಬಿದ್ದೆ. ನಮ್ಮ ಕಡೆ ಪ್ರವಾಸಕ್ಕೆ ಬೇರೇನು ಕಟ್ಟುತ್ತಾರೆ ಹೇಳಿ? ಮಗ ಕಟಂ ಎಂದು ಕಡಿದ. ಬೆಕ್ಕು ಹಾರಿ ಓಡಿತು.

"ಏನವಾ, ರೊಟ್ಟಿ ಕಟ್ಟಿ ಸಿಂಹ ಓಡ್ಸಿದೆಲ್ಲ!" ಗೋಡೆಯಾಚೆಯಿಂದ ನನಗೆ ಬೈಗುಳ. "ನಾಳೆ ಮೆತ್ತನ್ನ ರೊಟ್ಟಿ ಬಡಿ. ಇಲ್ಲಾ ಶೇಂಗಾ ಉಂಡಿ ಕೊಡು, ಅದು ಸಪ್ಪಳ ಮಾಡಂಗಿಲ್ಲ."

ಬಹುವಚನ ಹೋಗಿ ಏಕವಚನ ಬಂದಿತ್ತು. ಅವರ ಮನೆಯವಳಾಗಿಬಿಟ್ಟೆ ಅನ್ನಿಸಿತು.

ಬೇಸಿಗೆ ರಜೆ ಬಂತು. "ಸಣ್ಣಾಂವಗ ಐದು ತುಂಬ್ಲಿ" ಅಂದರು. ಸರಿ, ತಡೆದೆವು. ಮರುವರ್ಷ ತುಂಬಿತ್ತು. "ಹುಡುಗಿ ಹಲ್ಲು ಬೀಳಾಕತ್ತಾವು. ಕಾಡಿನ್ಯಾಗ ಹಲ್ಲಿನ ಡಾಕ್ಟರ್‌ನ ಎಲ್ಲಿ ಹುಡುಕ್ತಿ?"

ನನ್ನ ಗಂಡ ನಕ್ಕರು. "ಹಾಲುಹಲ್ಲಿಗೆ ಯಾವ ಡಾಕ್ಟರ್? ಬಾಯಾರಿಗೆ ಹುಡುಗೋರನ್ನ ಬಿಡಾಕ ಮನಸ್ಸಿಲ್ಲ, ಅಷ್ಟ." ನಗು ಬೇಗ ನಿಂತಿತು. ಇಬ್ಬರಿಗೂ ಅರ್ಥವಾಗಿತ್ತು. ಆ ಮನೆಯಲ್ಲಿ ಸಂಜೆ ಅಂತ ಒಂದು ಆಗುತ್ತಿದ್ದದ್ದೇ ಈ ಎರಡು ಮಕ್ಕಳಿಂದ.

ಅಷ್ಟರಲ್ಲಿ ನಾದಿನಿಯವರು ನೈರೋಬಿ ಬಿಡುವ ಸುದ್ದಿ. ಹೋದರೆ ಈಗಲೇ ಹೋಗಬೇಕು.

"ನೀವೂ ಬರ್ರಿ ಬಾಯಾರ, ನಮ್ಮ ಜೋಡಿ."

ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಇಬ್ಬರು ಹೋಗಿದ್ವಿ, ಒಬ್ಬಾಕಿ ಬಂದೆ. ಮತ್ತ ಆ ಕಡಿ ಕಾಲಿಡಾಕ ನನ್ನ ಕಡಿಂದ ಆಗಂಗಿಲ್ಲವಾ. ಹೋಗಿ ಬರ್ರಿ. ಲಗೂ ಬರ್ರಿ."

ಹೋದೆವು. ಹುಲ್ಲಿನಲ್ಲಿ ಖರೇ ಸಿಂಹ ಮಲಗಿತ್ತು. ಅದು ಏಳಲಿಲ್ಲ, ನನ್ನ ಮಕ್ಕಳೂ ಮಿಸುಕಲಿಲ್ಲ. ಇಷ್ಟು ಸುಮ್ಮನೆ ಕೂಡುವ ಮಕ್ಕಳನ್ನು ನೋಡಿಲ್ಲ ಅಂತ ಜೀಪಿನವನು ಬೆರಗಾದ.

ಊರಿಗೆ ಬಂದವರೇ ಮಕ್ಕಳು ಬಾಯಾರ ಬಳಿ ಓಡಿ ಎಲ್ಲ ಹೇಳಿದರು. ಕೆಲವು ದಿನ ಹೋದರು. ಆಮೇಲೆ ಸೈಕಲ್ಲು, ಕ್ರಿಕೆಟ್ಟು. ಖರೇ ಜೀಬ್ರಾ ನೋಡಿ ಬಂದ ಮಕ್ಕಳಿಗೆ ಕತ್ತೆ ಬರೀ ಕತ್ತೆಯೇ. ಬೈದು ಒಮ್ಮೆ ಕಳಿಸಿದೆ. ಬಾಯಾರೇ ವಾಪಸ್ ಕರೆತಂದರು.

"ಒತ್ತಾಯ ಮಾಡಬ್ಯಾಡವಾ. ಪಾಸಾದ ಹುಡುಗೋರು ಮತ್ತ ಅದ ವರ್ಗಕ್ಕ ಬಂದು ಕೂಡ್ತಾವೇನು?"

ಅಡುಗೆಮನೆಯ ಕಿಟಕಿಯಿಂದ ನನಗೆ ಕಾಣುತ್ತಿತ್ತು. ಸಂಜೆಗೆ ಅವರೊಬ್ಬರೇ ಕಾರಿನಲ್ಲಿ, ಎದುರಿಗೆ ನೋಡುತ್ತ. ಚಹಾ ಒಯ್ದು ಹಿಂದಿನ ಸೀಟಿನಲ್ಲಿ ಕೂಡುತ್ತಿದ್ದೆ. ನನ್ನ ಜೊತೆ ಅವರಿಗೆ ಹೇಳುವುದೇನೂ ಇರುತ್ತಿರಲಿಲ್ಲ.

ಮುಂದೊಂದು ದಿನ ಮಿರಜದಿಂದ ಅವರ ತಂಗಿಯ ಮಗ ಅವರನ್ನು ತನ್ನ ಮನೆಯಲ್ಲೇ ಇರಿಸಿಕೊಳ್ಳಲೆಂದು ಕರೆದೊಯ್ಯಲು ಬಂದ. ಬಾಗಿಲಿಗೆ ಆಟೋ ನಿಂತಿತ್ತು.

"ಇನ್ನೇನ ಸಾಲಿ ಬಿಡ್ತೈತ್ರಿ ಬಾಯಾರ. ಹುಡುಗೋರನ್ನ ನೋಡಿ ಹೋಗ್ರಿ."

"ಬ್ಯಾಡ. 'ಹೂಂರಿ ಅಜ್ಜಿ' ಅಂದು ಆಡಾಕ ಓಡಿದ್ರಂದ್ರ ನನಗ ತಡಕೊಳ್ಳಾಕ ಆಗಂಗಿಲ್ಲ." ಆಟೋದವನ ಹೆಗಲು ತಟ್ಟಿದರು. "ನಡಿ ತಮ್ಮಾ, ಲಗೂ ನಡಿ."

ಮಿರಜದಲ್ಲೇ ತೀರಿಕೊಂಡರಂತೆ. ನಮಗೆ ತಿಳಿದದ್ದು ತಡವಾಗಿ. ಮಗ, "ಅಜ್ಜಿ ನನಗ ಯಾಕ ಹೇಳದ ಹೋದ್ರು?" ಅಂತ ಕೇಳಿದ.

ನಿಮ್ಮ ಮಕ್ಕಳನ್ನು ಹೀಗೆ ಹಚ್ಚಿಕೊಂಡು, ಮಕ್ಕಳು ದೊಡ್ಡವರಾದಾಗ ಸುಮ್ಮನೆ ಸರಿದುಹೋದ ಪಕ್ಕದ ಮನೆಯವರು ಯಾರಾದರೂ ಇದ್ದರೇ? ಅವರ ಬಗ್ಗೆ ಕೆಳಗೆ ಬರೆಯಿರಿ. ಉದ್ದವಾದರೂ ಪರವಾಗಿಲ್ಲ, ನಾನು ಓದುತ್ತೇನೆ.