ಮಾತ್ರೆ ಸೊನ್ನೆ

ಅಂಗಿಗಳಿಗೆ ಗುಂಡಿ ಹಚ್ಚಿ ಹಚ್ಚಿ ಅವಳಿಗೆ ಗುಂಡಿಯಮ್ಮ ಎಂಬ ಹೆಸರು ಬಂದಿತ್ತು. ಆಳೂ ಕುಳ್ಳಗೆ ದುಂಡಗೆ ಇದ್ದುದರಿಂದ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ಹಾಗೆ ಕರೆದರೆ ಅವಳಿಗೇನೂ ಬೇಜಾರಿಲ್ಲ. "ಕಿತ್ತುಹೋದ ದಿನ ಗೊತ್ತಾಗುತ್ತೆ ಗುಂಡಿ ಬೆಲೆ" ಅನ್ನುವಳು. ಗಾಜು ಕತ್ತರಿಸುವವನ ಅಂಗಡಿಗೂ ಇಸ್ತ್ರಿಯವನ ಅಂಗಡಿಗೂ ನಡುವೆ ಅವಳದೂ ಗಂಡನದೂ ಹೊಲಿಗೆ ಅಂಗಡಿ. ಮುಂದೆ ಉದ್ದನೆಯ ಕಟಿಂಗ್ ಟೇಬಲ್ಲು, ಹಿಂದೆ ಎರಡು ಮಿಷನ್ನು, ಮೇಲಿನ ಕೋಣೆಯಲ್ಲಿ ಸಂಸಾರ. ಗಂಡ ಬಟ್ಟೆ ಕತ್ತರಿಸುವವನು, ಅವಳು ಹೊಲಿಯುವವಳು. ಅವನನ್ನು ಗಲ್ಲಿಗೆ ಗಲ್ಲಿಯೇ ಮಾಸ್ಟರ್ ಎನ್ನುತ್ತಿತ್ತು.

ಮಾಸ್ಟರ್ ಅಳತೆ ತೆಗೆಯುವುದನ್ನು ನೋಡಬೇಕಿತ್ತು. ಕೊರಳಿನಿಂದ ಟೇಪು ಎಳೆದು ಗಿರಾಕಿಯ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. "ಉದ್ದ ಇಪ್ಪತ್ತೊಂಬತ್ತು, ಭುಜ ಹದಿನೆಂಟು, ತೋಳು ಇಪ್ಪತ್ನಾಲ್ಕು, ಎದೆ ನಲವತ್ತು, ಸೊಂಟ ಮೂವತ್ತಾರು, ಕಾಲರ್ ಹದಿನೈದೂವರೆ" ಎಂದು ಅವನು ರಾಗವಾಗಿ ಕೂಗಬೇಕು, ಇವಳು ಅದೇ ರಾಗದಲ್ಲಿ ತಿರುಗಿ ಹೇಳುತ್ತ ಚೀಟಿಯಲ್ಲಿ ಬರೆದುಕೊಳ್ಳಬೇಕು. ಆ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ. ಮುನಿಸಿಕೊಂಡು ಮಾತು ಬಿಟ್ಟ ದಿನಗಳಲ್ಲೂ ಗಂಡ ಹೆಂಡತಿಯ ನಡುವೆ ಇಷ್ಟು ಮಾತುಕತೆಯಂತೂ ನಡೆಯುತ್ತಿತ್ತು.

ಬಗ್ಗಿ ಬಗ್ಗಿ ಕತ್ತರಿಸಿ ಮಾಸ್ಟರನ ಬೆನ್ನು ಹೋಯಿತು. ಆಸ್ಪತ್ರೆಯಲ್ಲಿ ನೋವಿಗೆಂದು ಅಫೀಮಿನ ಜಾತಿಯ ಮಾತ್ರೆ ಕೊಟ್ಟರು. ಮೊದಮೊದಲು ನೋವಿಗೆ ತಿಂದ. ಆಮೇಲೆ ನೋವು ಬಂದೀತು ಎಂಬ ಹೆದರಿಕೆಗೆ ತಿಂದ. ಕೊನೆಕೊನೆಗೆ ತಿನ್ನದಿದ್ದರೆ ಮೈ ನಡುಗಿ ಬೆವರು ಕಿತ್ತುಕೊಂಡು ಬರುತ್ತಿತ್ತು, ಅದಕ್ಕೇ ತಿಂದ. ನಿಲ್ಲಿಸಿ ಎಂದು ಡಾಕ್ಟರು ಹೇಳಿದ ಮೇಲೂ ಮಾತ್ರೆ ಎಲ್ಲಿಂದಲೋ ಬರುತ್ತಲೇ ಇತ್ತು. ಒಂದು ಮಧ್ಯಾಹ್ನ ಅವನು ಟೇಬಲ್ಲಿನ ಕೆಳಗೆ, ಬಟ್ಟೆಯ ಥಾನುಗಳ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ. ಸದ್ಯ, ನಿದ್ದೆಯಾದರೂ ಬಂತಲ್ಲ ಎಂದು ಅವಳು ಮಿಷನ್ ತುಳಿಯುವುದನ್ನು ಬಿಟ್ಟು ಸದ್ದಿಲ್ಲದೆ ಕುಳಿತಳು. ಗೊರಕೆ ಹೋಗಿ ಗೊರಗೊರ ಆಯಿತು, ನಡುನಡುವೆ ನಿಂತಿತು, ಆಮೇಲೆ ಏನೂ ಕೇಳಿಸಲಿಲ್ಲ. ಹೋಗಿ ನೋಡಿದರೆ ತುಟಿ ನೀಲಿ. ರೆಪ್ಪೆ ಎತ್ತಿದರೆ ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು. ಆಂಬುಲೆನ್ಸಿನವರು ಚುಚ್ಚಿದ ಇಂಜೆಕ್ಷನ್ನಿಗೆ ಉಸಿರು ತಿರುಗಿತು.

ಬದುಕಿದನೇನೋ ಸರಿ. ಆದರೆ ಮನೆಗೆ ಬಂದವನು ಕೂರು ಅಂದರೆ ಕೂತ, ಏಳು ಅನ್ನುವ ತನಕ ಏಳಲಿಲ್ಲ. ಕತ್ತರಿ ಕೈಗೆ ಕೊಟ್ಟರೆ ಬಾಯಿ ತೆರೆದ ಕತ್ತರಿಯನ್ನು ಹಾಗೇ ಹಿಡಿದುಕೊಂಡು ನಿಲ್ಲುವನು. "ಕತ್ತರಿಸಿ" ಅಂದರೆ ಮಾತ್ರ ಕೈ ಓಡುತ್ತಿತ್ತು, ಅದೂ ಬಲು ಚೆಂದವಾಗಿ. ಆದರೆ ಎಡತೋಳು ಕತ್ತರಿಸಿಟ್ಟದ್ದು ಮರೆತು ಇನ್ನೊಂದು ಎಡತೋಳನ್ನೇ ಕತ್ತರಿಸುವನು. ಇದೇನು ಅಂದರೆ ಟೇಪು ಬಿಸಾಡಿ ಕೂಗಾಡುವನು. ಹಿಂದೆ ಅವನು ಸಿಟ್ಟಿನಿಂದ ದನಿ ಏರಿಸಿದ್ದನ್ನು ಅವಳು ಕೇಳಿದವಳೇ ಅಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದರು. "ಉಸಿರಾಡು ಅಂತ ಹೇಳೋದು ಮಿದುಳಿನ ಬುಡದಲ್ಲಿರೋ ಒಂದು ಭಾಗ. ಆ ಮಾತ್ರೆ ಅದನ್ನ ಮಲಗಿಸಿಬಿಡುತ್ತೆ. ಉಸಿರು ನಿಂತಾಗ ಹೊಸ ನೆನಪು ಕೂಡಿಡೋ ಜಾಗಕ್ಕೆ ಪೆಟ್ಟು ಬೇಗ ಬೀಳುತ್ತೆ. ಹಳೇದು ಉಳಿದಿದೆ, ಕೈ ಕಲಿತ ಕಸುಬು ಉಳಿದಿದೆ. ತಾನಾಗಿ ಶುರು ಮಾಡೋದು ಕಷ್ಟ, ಸಿಟ್ಟು ಹಿಡಿತದಲ್ಲಿರಲ್ಲ. ಬೇಕು ಅಂತ ಮಾಡ್ತಿರೋದಲ್ಲಮ್ಮ."

"ಸರಿಹೋಗುತ್ತಾ?"

"ಸ್ವಲ್ಪ ಹೋಗಬಹುದು. ಆದ್ರೆ ಒಂದು ಮಾತು. ಅವರ ಮೈಗೆ ಈಗ ಆ ಮಾತ್ರೆಯ ಅಭ್ಯಾಸ ತಪ್ಪಿದೆ. ಮೊದಲು ತಿಂತಿದ್ದಷ್ಟೇ ತಿಂದ್ರೂ ಸಾಕು, ಉಸಿರು ಮತ್ತೆ ಬರುತ್ತೆ ಅಂತ ನಾನು ಹೇಳಲಾರೆ."

ಪೇಚು ಇದ್ದದ್ದು ಇಲ್ಲೇ. ತಾನು ಸತ್ತು ಬದುಕಿದ್ದೇ ಮಾಸ್ಟರನಿಗೆ ನೆನಪಿರಲಿಲ್ಲ. ಬೆನ್ನು ನೋಯುವುದು ಗೊತ್ತು, ನೋವಿಗೆ ಮಾತ್ರೆ ಇದೆ ಎನ್ನುವುದೂ ಗೊತ್ತು. "ನನ್ನ ಮಾತ್ರೆ ಎಲ್ಲಿಟ್ಟೆ?" ಎಂದು ಹುಡುಕಲು ಶುರು ಮಾಡುವನು. ಅವಳು ನಡೆದದ್ದೆಲ್ಲ ಹೇಳುವಳು. ಅವನು ಅದೇ ಮೊದಲ ಸಲ ಕೇಳಿದವನಂತೆ ಬೆಚ್ಚಿ, ಅವಳ ಕೈ ಹಿಡಿದುಕೊಂಡು ಅಳುವನು. ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಮತ್ತೆ, "ನನ್ನ ಮಾತ್ರೆ ಎಲ್ಲಿಟ್ಟೆ?" ಅವಳು ಬೈದು ನೋಡಿದಳು, ಗೋಗರೆದು ನೋಡಿದಳು, ಒಂದು ದಿನ ತಲೆ ಚಚ್ಚಿಕೊಂಡೂ ನೋಡಿದಳು. ಯಾವುದೂ ತಲೆಯಲ್ಲಿ ನಿಲ್ಲಲಿಲ್ಲ.

ಮಾಸ್ಟರನ ಅಕ್ಕ ಬಂದು ಒಂದು ಗಳಿಗೆ ಕೂತು ನೋಡಿದಳು. "ಇವನು ಇನ್ನೂ ಕದ್ದು ತಿಂತಿದ್ದಾನೆ ಕಣೇ. ಕಣ್ಣು ನೋಡು, ಗೋಡೆ ನೋಡ್ಕೊಂಡು ಕೂತಿದ್ದಾನೆ. ಎಲ್ಲಾದ್ರೂ ಸೇರಿಸಿಬಿಡು. ಇವನನ್ನ ಕಾಯ್ತಾ ಕೂತ್ರೆ ನಿನ್ನ ಗತಿ ಏನು?"

"ತಿಂತಿಲ್ಲ ಅಕ್ಕ. ತಿಂದಿದ್ರೆ ಬದುಕಿ ನನ್ನ ಮುಂದೆ ಹೀಗೆ ಕೂತಿರ್ತಿರಲಿಲ್ಲ."

"ನೀನು ಹೇಳಿದ್ದು ಅವನ ತಲೇಲಿ ಐದು ನಿಮಿಷ ನಿಲ್ಲಲ್ಲವಲ್ಲ, ಏನು ಮಾಡ್ತೀಯ?"

"ನಿಲ್ಲೋ ಕಡೆ ಹಾಕ್ತೀನಿ" ಅಂದಳು ಗುಂಡಿಯಮ್ಮ. ಹಠದಲ್ಲಿ ಅಂದುಬಿಟ್ಟಳೇ ಹೊರತು ಆ ಕಡೆ ಯಾವುದು ಎಂದು ಆ ಕ್ಷಣಕ್ಕೆ ಅವಳಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಮಾರನೆಯ ಬೆಳಿಗ್ಗೆ. ಅಂಗಡಿ ಗುಡಿಸುತ್ತ ಬಟ್ಟೆ ತೊಡಿಸುವ ಗೊಂಬೆಯನ್ನು ಮಾಸ್ಟರನ ಮುಂದೆ ಸರಿಸಿಟ್ಟಳು. ಯಾರೂ ಏನೂ ಹೇಳದೆ ಅವನ ಕೈ ಕೊರಳ ಟೇಪಿಗೆ ಹೋಯಿತು. "ಉದ್ದ..." ಎಂದು ರಾಗ ಎತ್ತಿದವನು ಭುಜ, ತೋಳು, ಎದೆ, ಸೊಂಟ ದಾಟಿ ಕಾಲರಿನ ತನಕ ಒಂದೂ ಬಿಡದೆ ಬಂದ. ಪೊರಕೆ ಹಿಡಿದವಳು ಹಿಡಿದ ಹಾಗೇ ನಿಂತಳು. ಅವನ ಕಾಲರ್ ಮುಗಿದದ್ದೇ ತಡ, ಅದೇ ರಾಗದಲ್ಲಿ ಸೇರಿಸಿದಳು: "ಮಾತ್ರೆ ಸೊನ್ನೆ, ತಿಂದ್ರೆ ಉಸಿರಿಲ್ಲ."

ಮಾಸ್ಟರ್ ಮುಖ ಗಂಟಿಕ್ಕಿದ. "ಅದ್ಯಾವ ಅಳತೆ?"

"ಹೊಸದು. ಹೇಳಿ."

ಅಂದಿನಿಂದ ದಿನಾ ಅಂಗಡಿ ಬಾಗಿಲು ತೆಗೆದ ಕೂಡಲೇ ಗೊಂಬೆಯ ಅಳತೆ. ಬೈಗುಳ ಇಲ್ಲ, ವಿವರಣೆ ಇಲ್ಲ, ಅಳು ಇಲ್ಲ. ಮನಸ್ಸಿದ್ದರೂ ಇಲ್ಲದಿದ್ದರೂ, ಅವನು ಟೇಪು ಎಸೆದರೂ, ಅವಳು ಎತ್ತಿಕೊಟ್ಟು ಉದ್ದದಿಂದ ಶುರು ಮಾಡಿಸುವಳು. ಅವಳ ಹಠದ ಮುಂದೆ ಗೊಂಬೆಯೇ ಸವೆದುಹೋಗಬೇಕಿತ್ತು. ಎಷ್ಟೋ ಕಾಲ ಕೊನೆಯ ಅಳತೆಯನ್ನು ಅವಳೇ ಹೇಳಿಕೊಡಬೇಕಾಯಿತು. ಇಸ್ತ್ರಿಯವನು ಬಾಗಿಲಲ್ಲಿ ನಿಂತು, "ಗೊಂಬೆಗೆ ಎಷ್ಟು ಅಂಗಿ ಹೊಲೀತೀರಿ ಗುಂಡಿಯಮ್ಮ?" ಎಂದು ತಮಾಷೆ ಮಾಡಿದ. ನಗುವಷ್ಟು ನಗಲಿ ಎಂದು ಬಿಟ್ಟಳು.

ಒಂದು ದಿನ ಹೊಟ್ಟೆ ಬಂದ ಗಿರಾಕಿಯೊಬ್ಬರು ಅಂಗಿಗೆ ಅಳತೆ ಕೊಡುತ್ತಿದ್ದರು. ಮಾಸ್ಟರ್ ನಿರರ್ಗಳವಾಗಿ, "ಕಾಲರ್ ಹದಿನೇಳು, ಮಾತ್ರೆ ಸೊನ್ನೆ, ತಿಂದ್ರೆ ಉಸಿರಿಲ್ಲ" ಅಂದುಬಿಟ್ಟ. ಗಿರಾಕಿ ಬಿಳಿಚಿಕೊಂಡರು. "ಸಕ್ಕರೆ ಕಾಯಿಲೆಗೆ ತಗೊಳ್ತಿದ್ದೀನಲ್ಲಪ್ಪ, ಅದನ್ನೂ ಬಿಡಬೇಕಾ?"

"ಅದನ್ನ ಬಿಡಬೇಡಿ ಸ್ವಾಮಿ, ಇದು ಬೇರೆ" ಎಂದು ಅವರನ್ನು ಸಾಗಹಾಕಿದ ಗುಂಡಿಯಮ್ಮ ಮಿಷನ್ನಿನ ಹಿಂದೆ ಹೋಗಿ ಸೆರಗು ಬಾಯಿಗೊತ್ತಿ ನಕ್ಕಳು. ಹೇಳಿಕೊಡದೆ ಬಂದದ್ದು ಅದೇ ಮೊದಲು. ಆದರೆ ಬಾಯಲ್ಲಿ ಬಂದದ್ದು ನೋವು ಬಂದಾಗ ಕೈ ತಡೆದೀತೇ ಎಂಬ ಭಯ ಮಾತ್ರ ಹೋಗಿರಲಿಲ್ಲ.

ನೂಲು ತರಲು ಹೋಗಲೇಬೇಕಾದ ಒಂದು ದಿನ, ಸ್ವಲ್ಪ ನೋಡಿಕೊಂಡಿರು ಎಂದು ಇಸ್ತ್ರಿಯವನಿಗೆ ಹೇಳಿ ಹೋದಳು. ತಿರುಗಿ ಬಂದಾಗ ಅವನು ಬಾಗಿಲಲ್ಲೇ ಅಡ್ಡ ಸಿಕ್ಕಿದ. "ಬೆನ್ನು ಹಿಡ್ಕೊಂಡು ಒದ್ದಾಡ್ತಿದ್ರು, ನೋಡೋಕಾಗಲಿಲ್ಲಮ್ಮ. ನಮ್ಮಮ್ಮನಿಗೆ ಕೊಟ್ಟಿದ್ದ ನೋವಿನ ಮಾತ್ರೆ ಇತ್ತು, ಒಂದು ಪಟ್ಟಿ ಕೊಟ್ಟೆ."

ಗುಂಡಿಯಮ್ಮನ ಕೈಯಿಂದ ನೂಲಿನ ಚೀಲ ಬಿತ್ತು. ಮಾಸ್ಟರಿಗೆ ಮಾತ್ರೆ ಕೊಡಬಾರದು ಎಂದು ಈ ಇಸ್ತ್ರಿಯವನಿಗೆ ಎಷ್ಟು ಸಲ ಹೇಳಿದ್ದಳೋ! ಮಿದುಳಿಗೆ ಪೆಟ್ಟು ಬೀಳದೆಯೂ ಮರೆಯುವವರಿಗೆ ಏನು ಮಾಡುವುದು? ಒಳಗೆ ಓಡಿದಳು. ಮಾಸ್ಟರ್ ಟೇಬಲ್ಲಿಗೆ ಒರಗಿ, ಹಲ್ಲು ಕಚ್ಚಿಕೊಂಡು ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಪಕ್ಕದಲ್ಲಿ ಮಾತ್ರೆಯ ಪಟ್ಟಿ. ಒಂದೊಂದೇ ಗುಳ್ಳೆ ಒತ್ತಿ ನೋಡಿದಳು. ಎಲ್ಲ ತುಂಬಿದ್ದವು.

"ಬೆನ್ನು ನೋಯ್ತಿಲ್ವೇನ್ರೀ?"

"ಪ್ರಾಣ ಹೋಗ್ತಿದೆ."

"ಮತ್ತೆ, ಇದನ್ನ ಯಾಕೆ ತಿನ್ನಲಿಲ್ಲ?"

ಮಾಸ್ಟರ್ ತಲೆಯೆತ್ತಿ, ನಿನ್ನೆ ಕೆಲಸಕ್ಕೆ ಸೇರಿದವಳನ್ನು ನೋಡುವ ಹಾಗೆ ಅವಳನ್ನು ನೋಡಿದ. "ಮಾತ್ರೆ ಸೊನ್ನೆ ಅಲ್ವೇನೇ? ಇಷ್ಟು ವರ್ಷದಿಂದ ಅಳತೆ ಬರೀತಿದ್ದೀಯ, ಇಷ್ಟೂ ಗೊತ್ತಿಲ್ವಾ?"

"ಯಾರು ಹೇಳಿಕೊಟ್ರು ನಿಮಗೆ?"

"ಇನ್ಯಾರು, ನಮ್ಮಪ್ಪ. ಕಸುಬು ಕಲಿಸಿದವನು ಅವನೇ ತಾನೇ?"

ಮಾವ ತೀರಿಕೊಂಡು ಯಾವ ಕಾಲವಾಯಿತೋ. ದಿನಾ ಬಾಯಿಪಾಠ ಮಾಡಿಸಿದವಳು ಗುಂಡಿಯಮ್ಮ, ಹೆಸರು ಮಾವನಿಗೆ. ಹೆಸರು ಯಾರಿಗಾದರೂ ಹೋಗಲಿ, ಮನುಷ್ಯ ಉಳಿದನಲ್ಲ ಎಂದುಕೊಂಡು ಪಟ್ಟಿಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಳು.

"ಮಾವ ಚೆನ್ನಾಗಿ ಕಲಿಸಿದ್ದಾರೆ" ಅಂದಳು. "ನನಗೇ ಮರೆತುಹೋಗಿದೆ, ಇನ್ನೊಂದ್ಸಲ ಹೇಳಿ."

ಮಾಸ್ಟರ್ ಬೇಸರದಿಂದ ಲೊಚಗುಟ್ಟಿ, ಉದ್ದದಿಂದ ಶುರು ಮಾಡಿದ.