ಶೇವಂತೆವ್ವ ಮತ್ತು ಶನಿವಾರದ ಬಾಳಿಹಣ್ಣು

ನಾ ಸಿಟ್ಟಿನ ಮನಷ್ಯಾ. ಹುಬ್ಬಳ್ಳಿ ದುರ್ಗದಬೈಲದಾಗ ನಲವತ್ತು ವರ್ಷ ಕಾಳಿನ ಅಂಗಡಿ ನಡಿಸಿದಾಂವ. ಅಲ್ಲೆ ಈ ರಾಜಶೇಖರನ ಮಾತಿಗೆ ಎದುರಾಡಿದವ್ರು ಕಡಿಮಿ. ಅಂಗಡಿ ಮಗಗ ಬಿಟ್ಟು ಧಾರವಾಡಕ್ಕ ಬಂದು, ಊರ ಹೊರಗ ಕಾಡಿನ ಮಗ್ಗಲಕ ಮನಿ ಕಟ್ಟಿಸಿದ ಮ್ಯಾಲೆ ಎದುರಾಡಾಕಿ ಒಬ್ಬಾಕಿ ಸಿಕ್ಕಳು. ನಮ್ಮ ಓಣಿ ಅಂಗನವಾಡಿ ಆಯಾ, ಶೇವಂತೆವ್ವ.

ಗಿಡ್ಡ ಆಳು, ದೊಡ್ಡ ದನಿ. ಆಕಿ ಗಂಡ ಮೈಲಾರಪ್ಪ ತೋಟದ ಮಾಲಿ ಆಗಿದ್ದಾಂವ, ತೀರಿಹೋಗಿ ಹತ್ತು ವರ್ಷ ಆತು. ತೋಟಕ್ಕ ಬರೋ ಮಂಗ್ಯಾಗಳ ಗುಣಾ ತಿಳಕೊಳ್ಳೂದು ಎಲ್ಲಾ ಅವನ ಕಡಿಂದ ಕಲತಾಕಿ. ಮಗ ಗೌತಮ ಸರಕಾರಿ ನೌಕರಿ ಹಿಡದು, "ಅವ್ವಾ, ಇನ್ನ ದುಡಿಯೂದು ಸಾಕು ಮಾಡು" ಅಂದ್ರ, "ನನ್ನ ಇಪ್ಪತ್ತೆರಡು ಕೂಸಿಗೆ ನೀ ಬಂದು ಉಣಸ್ತಿ ಏನು?" ಅಂದಳಂತ. ಮುಂಜಾನೆ ಮನಿಮನಿಗೆ ಹೋಗಿ ಕೂಸುಗಳನ್ನ ಕೈಹಿಡದು ಕರಕೊಂಡು ಬರತಾಳ. ಅವುಗಳ ಅವ್ವಂದ್ರು ಅಷ್ಟೊತ್ತಿಗೆ ಗಾರೆ ಕೆಲಸಕ್ಕ, ಮನಿಗೆಲಸಕ್ಕ ಹೋಗಿರ್ತಾರ.

ಒಂದು ವರ್ಷದಿಂದ ಅಂಗನವಾಡಿಗೆ ಮಂಗ್ಯಾಗಳ ಕಾಟ ವಿಪರೀತ ಆಗಿತ್ತು. ಉಣ್ಣು ಹೊತ್ತಿಗೆ ಬಂದು ಕೂಸಿನ ಕೈಯಾಗಿನ ಶೇಂಗಾ ಚಿಕ್ಕಿ ಕಸಕೊಂಡು ಹೋಗ್ತಿದ್ವು. ಒಂದಿನ ಒಂದು ಹುಡುಗಿ ತೋಳು ಪರಚಿದ್ವು. ಅಂಗನವಾಡಿ ತಪಾಸಣಿ ಮಾಡೋ ಮ್ಯಾಲಿನ ಮೇಡಂ ಬಂದು, "ಒಂದು ತಿಂಗಳದಾಗ ಇದು ನಿಲ್ಲಲಿಲ್ಲಂದ್ರ ಅಂಗನವಾಡಿ ಬೈಪಾಸ್ ಆಚೆ ಒಯ್ಯೂದ" ಅಂದ್ರು. ಲಾರಿ ಓಡಾಡೋ ರಸ್ತಾ ದಾಟಿ ಯಾವ ಅವ್ವ ಕೂಸು ಕಳಿಸ್ತಾಳ್ರೀ? ಕೂಸುಗಳು ಮತ್ತ ಅವ್ವಂದ್ರ ಗಾರೆ ಕೆಲಸದ ಕಡೆ ಉಸುಕಿನ ಗುಂಪಿ ಮ್ಯಾಲೆ ಆಡಕೋತ ಕುಂದರೂದ.

ಆ ವಾರ ಶೇವಂತೆವ್ವ ನಮ್ಮ ಗೇಟಿಗೆ ಬಂದಳು. ಒಳಗ ಬಾ ಅಂದ್ರೂ ಬರಲಿಲ್ಲ.

"ಸಾವ್ಕಾರ್ರ, ನೀವು ಬಾಳಿಹಣ್ಣು ಹಾಕೂದು ಬಂದ್ ಮಾಡ್ರಿ."

ಖರೇ ಹೇಳ್ತೇನಿ, ನಾ ಪ್ರತಿ ಶನಿವಾರ ಹನಮಪ್ಪನ ಹೆಸರಿಲೆ ಮಂಗ್ಯಾಗಳಿಗೆ ಒಂದು ಬುಟ್ಟಿ ಬಾಳಿಹಣ್ಣು ಹಾಕ್ತಿದ್ದೆ. ಮೊಣಕಾಲ ಬ್ಯಾನಿ ಕಡಿಮಿ ಆದ್ರ ಹಾಕ್ತೇನಿ ಅಂತ ಬೇಡಕೊಂಡಿದ್ದೆ, ಕಡಿಮಿ ಆಗಿತ್ತು. ನಮ್ಮ ಮನಿ ಮುಂದ ಹಾಕಿದ್ರ ಹಂಚು ಒಡೀತಾವ ಅಂತ ಅಂಗನವಾಡಿ ಹಿಂದಿನ ಆಲದ ಗಿಡದ ಬುಡಕ ಹೋಗಿ ಹಾಕಿ ಬರತಿದ್ದೆ. ನನ್ನ ಶ್ಯಾಣ್ಯಾತನ ನೋಡ್ರಿ.

"ಹನಮಪ್ಪನ ಹರಕಿ ಅದು. ನಿಮ್ಮ ಚಿಕ್ಕಿ ವಾಸನಿಗೆ ಬರತಾವ ಮಂಗ್ಯಾ, ನನಗ್ಯಾಕ ಹೇಳ್ತಿ?" ಅಂದೆ.

ಒಳಗಿಂದ ನನ್ನ ಹೆಂಡ್ತಿ ದಾಕ್ಷಾಯಿಣಿ, "ಮಂಗ್ಯಾ ತಾ ಮಸರ ತಿಂದು ಆಡಿನ ಬಾಯಿಗೆ ಒರಸಿತಂತ" ಅಂದಳು. ಆಕಿ ಹೇಳಿದ್ದು ಯಾವ ಮಂಗ್ಯಾಗ ಅಂತ ಕೇಳೂದು ಬ್ಯಾಡ ಅನಿಸ್ತು.

ಶೇವಂತೆವ್ವ ಜಗಳ ತಗೀಲಿಲ್ಲ. "ಈ ಶನಿವಾರ ಹಣ್ಣು ಹಾಕಿದ ಮ್ಯಾಲೆ ಮನಿಗೆ ಹೋಗಬ್ಯಾಡ್ರಿ. ಅಂಗನವಾಡಿ ಒಳಗ ಬಂದು ಕುಂದರ್ರಿ, ಅಷ್ಟ ಸಾಕು" ಅಂದು ಹೋದಳು.

ಹಟಕ್ಕ ಬಿದ್ದು ಹೋದೆ. ಬುಟ್ಟಿ ಖಾಲಿ ಆಗೂದು ತಡ, ಇಡೀ ಹಿಂಡು ಅಂಗನವಾಡಿ ತಗಡಿನ ಮ್ಯಾಲೆ ಏರಿತು. ಶೇವಂತೆವ್ವ ಬಾಗಲಾ ಕಿಡಕಿ ಎಲ್ಲಾ ಹಾಕಿ, ಕೋಲು ಹಿಡದು ಬಾಗಲಕ ನಿಂತಳು. ಒಳಗ ಕತ್ತಲಿ, ಧಗಿ. ಕೂಸುಗಳು ಬೆವತಕೋತ ಉಣ್ಣಾಕತ್ತಿದ್ವು. ನನ್ನ ಬಾಜೂಕ ಕುಂತ ಒಂದು ಪುಟ್ಟ ಹುಡುಗಿ ಇಡೀ ಚಿಕ್ಕಿ ಬಾಯಾಗ ತುರಕೊಂಡು ಉಸರು ಸಿಗದಂಗಾತು. ಶೇವಂತೆವ್ವ ಓಡಿ ಬಂದು ಬೆನ್ನಿಗೆ ಗುದ್ದಿ ಉಗುಳಿಸಿದಳು.

"ಸಾವಕಾಶ ತಿನ್ನಬಾರ್ದೇನವ್ವಾ?" ಅಂದೆ.

"ಲಗೂ ತಿನ್ನಲಿಲ್ಲಂದ್ರ ಅಜ್ಜನ ಮಂಗ್ಯಾ ಬರತಾವು" ಅಂತು ಕೂಸು.

"ಯಾವ ಅಜ್ಜ?"

ಅದು ನನ್ನ ಕಡೆ ಬೊಟ್ಟು ಮಾಡಿ ತೋರಿಸ್ತು. ನನಗ ಭಾಳ ನಾಚಿಕಿ ಆತು. ಪುಣ್ಯ ನನಗ, ಕಾಟ ಈ ಕೂಸುಗಳಿಗೆ. ಹನಮಪ್ಪ ಏನ ಅಂದಿರ್ಬೇಕು ನನಗ? ಅವತ್ತಿನಿಂದ ಬುಟ್ಟಿ ಅಟ್ಟ ಏರಿತು. ಹಣ್ಣು ಗುಡ್ಯಾಗ ಕೊಟ್ಟು ಬರಾಕ ಶುರು ಮಾಡಿದೆ.

"ಮೊದ್ಲ ಸಿಟ್ಟಿಗೇಳ್ತಾವ್ರಿ, ನೀವು ಜಗ್ಗಬ್ಯಾಡ್ರಿ" ಅಂತ ಶೇವಂತೆವ್ವ ಮೊದಲ ಹೇಳಿದ್ದಳು. ಖರೇನ ಆತು. ಹಣ್ಣು ಹಾಕಾಂವ ಯಾರು ಅಂತ ಅವಕ್ಕ ಗೊತ್ತಿತ್ತಲ್ಲ, ಮುಂದಿನ ಶನಿವಾರ ಹಿಂಡಿಗೆ ಹಿಂಡ ನಮ್ಮ ಮನಿಗೆ ಬಂತು. ಹಂಚು ಹೋದ್ವು, ನಳಾ ಮುರೀತು, ನನ್ನ ಧೋತರ ನೀರಿನ ಟಾಕಿ ಮ್ಯಾಲೆ ಹೋತು. ನಾ ಹಲ್ಲು ಕಡದು ಬಡಿಗಿ ಎತ್ತಿದೆ. ದೊಡ್ಡ ಗಡವ ಮಂಗ್ಯಾ ಒಂದು ನನ್ನಕಿಂತ ಜೋರಲೆ ಹಲ್ಲು ಕಿಸದು ಮೈಮ್ಯಾಲೆ ಬಂತು. ನಾ ಬಚ್ಚಲಮನಿ ಹೊಕ್ಕು ಚಿಲಕಾ ಹಾಕಿದೆ. ದಾಕ್ಷಾಯಿಣಿ ನಕ್ಕು ನಕ್ಕು ಸಾಕಾಗಿ ಶೇವಂತೆವ್ವಗ ಫೋನ್ ಮಾಡಿದಳು.

ಆಕಿ ಬಂದು ಬಚ್ಚಲದ ಬಾಗಲಾ ಬಡದು ಪಾಠ ಹೇಳಿದಳು. "ಸಾವ್ಕಾರ್ರ, ಹಲ್ಲು ತೋರಿಸಿದ್ರ ಜಗಳಕ್ಕ ಕರದಂಗ್ರಿ. ಬಾಯಿ ಮುಚ್ಚಿರಿ. ಕಣ್ಣಾಗ ಕಣ್ಣಿಡಬ್ಯಾಡ್ರಿ. ಎರಡೂ ಅಂಗೈ ಬಿಚ್ಚಿ ಖಾಲಿ ಅದಾವಂತ ತೋರಿಸ್ರಿ, ಸಾವಕಾಶ ಹಿಂದ ಸರೀರಿ."

ನನಗ ಬಾಯಿ ಮುಚ್ಚು ಅಂದಾಕಿ ಅಲ್ಲಿತನಕ ದಾಕ್ಷಾಯಿಣಿ ಒಬ್ಬಾಕೀನ ಇದ್ದಳು. ಮುಚ್ಚಿದೆ. ಚಿಲಕಾ ತಗದು ಹೊರಗ ಬಂದು ಅಂಗೈ ತೋರಿಸಿದೆ. ಗಡವ ನನ್ನ ಕೈ ನೋಡ್ತು, ಮುಖಾ ತಿರುವಿ ಕುಂತಿತು.

ಕೂಸುಗಳಿಗೂ ಇದನ್ನ ಕಲಿಸಿದಳು. ಇಪ್ಪತ್ತೆರಡು ಕೂಸು ಸಾಲಾಗಿ ನಿಂತು ಅಂಗೈ ಬಿಚ್ಚಿ ಬಾಯಿ ಮುಚ್ಚಿ ನಿಲ್ಲೂದು ನೋಡಾಕ ಛಂದ ಇತ್ತು. ಉಳದ ಅನ್ನ ಮುಚ್ಚಳದ ಡಬ್ಬಿಗೆ ಹೋತು. ಓಣಿ ಮಂದಿ ಕಸಾ ಹೊರಗ ಚೆಲ್ಲದಂಗ ನೋಡಕೊಳ್ಳೂದು ನನ್ನ ಪಾಲಿಗೆ ಬಂತು. ಅಲ್ಲಿ ನನ್ನ ಸಿಟ್ಟು ಭಾಳ ಉಪಯೋಗಕ್ಕ ಬಿತ್ತು. ಮೂರನೇ ವಾರಕ್ಕ ಹಿಂಡು ನಮ್ಮನ್ನ ಬಿಟ್ಟು ಕಾಡಿನ ಕಡೆ ಸರೀತು.

ತಿಂಗಳ ತುಂಬಿದ ದಿನ ಮೇಡಂ ಉಣ್ಣು ಹೊತ್ತಿಗೇನ ಬಂದ್ರು. ಶೇವಂತೆವ್ವ ಬಾಗಲಾ ಪೂರಾ ತಗದು, ಕಟ್ಟಿ ಮ್ಯಾಲೆ ಚಾಪಿ ಹಾಸಿ ಕೂಸುಗಳನ್ನ ಕುಂದರಿಸಿದಳು. ತಾ ಕೋಲು ಹಿಡದು ಬಾಜೂಕ ನಿಂತಳು. ಎರಡು ಮಂಗ್ಯಾ ದೂರದ ಗಿಡದಾಗ ಹಾದು ಹೋದ್ವು, ಇಳೀಲಿಲ್ಲ. ಮೇಡಂ ಅರ್ಧಾ ತಾಸು ಕುಂತು ನೋಡಿ, "ಇಲ್ಲೇ ಇರಲಿ ಬಿಡ್ರಿ" ಅಂತ ಬರಕೊಂಡು ಹೋದ್ರು.

ಶೇವಂತೆವ್ವ ಸೆರಗಿಲೆ ಮುಖಾ ಒರಸಿಕೊಂಡು, ಕೋಲು ಮೂಲಿಗಿಟ್ಟು, ಕೂಸುಗಳ ಸಾಲಿನಾಗ ಒಂದು ತಾಟು ಹಾಕಿಕೊಂಡು ಕುಂತಳು.

"ಸಾವ್ಕಾರ್ರ, ನೀವ ಬಡಸ್ರಿ. ಇವುಗಳ ಕೂಡ ಕುಂತು ಉಂಡು ವರ್ಷ ಆತು."

ಬಗ್ಗಿ ಅನ್ನ ಹಾಕಿದೆ, ಸಾರು ಹಾಕಿದೆ.

"ಇನ್ನೊಂಚೂರು ಹಾಕ್ರಿ, ಹಸಿವ್ಯಾಗೇತಿ" ಅಂದಳು.