ಮುಂಗೋಣೆಯ ಟ್ರ್ಯಾಕ್ಟರ್

ಹಳೆಯ ಟ್ರ್ಯಾಕ್ಟರುಗಳಿಗೆ ಮರುಜೀವ ಕೊಡುವ ಆ ಮೆಕ್ಯಾನಿಕ್‌ನನ್ನು ಬೀದಿಯವರೆಲ್ಲ ನಟ್ಟಣ್ಣನೆಂದೇ ಕರೆಯುತ್ತಾರೆ. ದೇವರ ಮಾತನ್ನು ಮನೆಮನೆಗೆ ಒಯ್ಯುವ ನಾನು ಅವನ ಹೊಸ್ತಿಲಲ್ಲಿ ಕುಳಿತು ಕಂಡದ್ದನ್ನು ಕಂಡಂತೆಯೇ ಬರೆಯುತ್ತೇನೆ.

ಬೀದಿಗೆ ಶಟರ್ ಇದ್ದ ಮುಂಗೋಣೆಯನ್ನು ಹೆಂಡತಿಯ ಹೊಲಿಗೆ ಅಂಗಡಿಗೆ ಬಿಟ್ಟುಕೊಡುವುದಾಗಿ ಅವನು ಮಾತು ಕೊಟ್ಟಿದ್ದ. ಅಷ್ಟರಲ್ಲಿ ಗುಜರಿಗೆ ಹೊರಟಿದ್ದ ಟ್ರ್ಯಾಕ್ಟರೊಂದು ಕಣ್ಣಿಗೆ ಬಿತ್ತು. ಆರು ತಿಂಗಳ ಕೆಲಸವೆಂದು ಅದನ್ನು ಅದೇ ಕೋಣೆಯಲ್ಲಿ ಬಿಚ್ಚಿ ಹರಡಿದ. ಹೊಲಿಗೆ ಯಂತ್ರ ಅಡುಗೆಮನೆಯ ಮೂಲೆ ಸೇರಿ ಮೂರು ವರ್ಷ ಅಲ್ಲೇ ಉಳಿಯಿತು. ಹೊಗೆಯ ವಾಸನೆ ಹಿಡಿದ ಬಟ್ಟೆ ಯಾರಿಗೆ ಬೇಕು? ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿದರು.

ರೇಡಿಯೇಟರ್, ಟೈರುಗಳು ಹೊಸದಾಗಿ ಬಂದವು. ಬಾನೆಟ್ಟಿಗೆ ಮೂರು ಕೈ ನೀಲಿ ಬಣ್ಣ ಬಿತ್ತು. ಆದರೆ ಗೇರುಗಳ ಹಲ್ಲು ಉದುರಿದ್ದವು. ಹೊಸದಾಗಿ ಕಡೆಯಿಸಲು ಲೇತಿನವನು ಕೇಳಿದ ಬೆಲೆಗೆ ಅದೇ ಮಾದರಿಯ ಇನ್ನೊಂದು ಹಾಳು ಟ್ರ್ಯಾಕ್ಟರೇ ಸಿಗುತ್ತಿತ್ತು. ಅದನ್ನೇ ತಂದು ಅಂಗಳದಲ್ಲಿ ನಿಲ್ಲಿಸಿದ. ಗೇರ್‌ಬಾಕ್ಸ್ ತೆಗೆದುಕೊಂಡು ಉಳಿದದ್ದನ್ನು ಗುಜರಿಗೆ ತೂಕಕ್ಕೆ ಹಾಕುವುದು ಈ ಕಸುಬಿನ ರೂಢಿ.

ಬಿಚ್ಚುವ ಮುನ್ನ ಸುಮ್ಮನೆ ಡೀಸೆಲ್ ಸುರಿದು ನೋಡಿದ. ಎರಡು ಸಲ ಕೆಮ್ಮಿ ಎಂಜಿನ್ ಓಡತೊಡಗಿತು. ಉಸಿರಾಡುವುದನ್ನು ಕೊಯ್ಯಲಾರೆನೆಂದು ಸ್ಪ್ಯಾನರ್ ಕೆಳಗಿಟ್ಟ. ಹಳೆಯ ಯಂತ್ರಗಳನ್ನು ಹಚ್ಚಿಕೊಂಡವರು ಮಾತ್ರ ಮಾಡುವ ತಪ್ಪು ಇದು. ಕರುಣೆ ದೇವರ ಗುಣವೆಂದು ನಾನೇ ಎಷ್ಟೋ ಸಲ ಸಾರಿದ್ದೇನೆ. ಅದರ ಖರ್ಚು ಯಾರ ಕೋಣೆಯಿಂದ ಹೋಗುತ್ತದೆಂದು ವಿಚಾರಿಸಿರಲಿಲ್ಲ.

ಒಂದು ಮಧ್ಯಾಹ್ನ ನನ್ನೆದುರೇ ಅವನು ಮೂರನೆಯದಕ್ಕೆ ಮುಂಗಡ ಕೊಟ್ಟು ಬರುವೆನೆಂದು ಎದ್ದ.

“ಅದನ್ನ ಎಲ್ಲಿ ಮಲಗಿಸ್ತೀರಿ, ನಮ್ಮ ಮಂಚದ ಮೇಲಾ?” ಹೆಂಡತಿ ಕತ್ತರಿ ಬಿಡದೆ ಕೇಳಿದಳು.

“ಗೇರ್‌ಬಾಕ್ಸ್ ಒಂದೇ ಕಣೇ ಬಾಕಿ.”

“ಅದರಲ್ಲೂ ಜೀವ ಇದ್ರೆ?”

ಅವನು ಚಪ್ಪಲಿ ಹುಡುಕತೊಡಗಿದ. ಅವಳು ಬಿಡಲಿಲ್ಲ.

“ಅಂಗಳದ್ದು ಓಡ್ತಿದೆ. ಅದಕ್ಕಿಲ್ಲದ್ದೆಲ್ಲ ಮುಂಗೋಣೇಲಿದೆ. ನೀವು ಮುದ್ದು ಮಾಡಿದ್ದನ್ನೇ ಬಿಚ್ಚಿ ಅದಕ್ಕೆ ಹಾಕಿ.”

ತನ್ನ ಪರವಾಗಿ ಒಂದು ಪವಿತ್ರ ವಾಕ್ಯವಾದರೂ ನನ್ನಲ್ಲಿದ್ದೀತೆಂದು ಅವನು ನನ್ನತ್ತ ನೋಡಿದ. ಇರಲಿಲ್ಲ.

ಅಂಗಳದ ಟ್ರ್ಯಾಕ್ಟರಿಗೆ ಮೊದಲು ಟೈರುಗಳು, ಆಮೇಲೆ ರೇಡಿಯೇಟರ್, ಎಲ್ಲಕ್ಕೂ ಕೊನೆಗೆ ನೀಲಿ ಬಾನೆಟ್ ಹೋದವು. ಉಳಿದ ಕಬ್ಬಿಣ ತೂಕಕ್ಕೆ ಬಿದ್ದ ದಿನ ಅವನು ಊಟ ಮಾಡಲಿಲ್ಲ. ತರಕಾರಿ ಬೆಳೆಯುವವನೊಬ್ಬ ಆ ಟ್ರ್ಯಾಕ್ಟರನ್ನು ಕೊಂಡು ಓಡಿಸಿಕೊಂಡು ಹೋದ.

ಮುಂಗೋಣೆಯಲ್ಲಿ ಹೊಲಿಗೆ ಅಂಗಡಿಯ ಶಟರ್ ತೆರೆದ ಮೇಲೆ ಮತ್ತೆ ಹೋದೆ. ನಟ್ಟಣ್ಣ ಗುಂಡಿಗಳ ಡಬ್ಬಿಯೊಳಗಿಂದ ತನ್ನ ವಾಷರುಗಳನ್ನು ಆರಿಸುತ್ತಿದ್ದ. ಒಟ್ಟು ಖರ್ಚು ಎಷ್ಟಾಯಿತೆಂದು ಕೇಳಿದೆ.

“ಅವಳನ್ನ ಕೇಳಿ, ಸ್ವಾಮಿ.”

ಅವನ ಹೆಂಡತಿ ಯಂತ್ರ ನಿಲ್ಲಿಸಲಿಲ್ಲ. “ಮೂರು ವರ್ಷದ ಗಿರಾಕಿಗಳು,” ಎಂದಳು.